ವಿಲ್ಯಾನ್ ಹಾಕಿದ ಮಾತ್ರಕ್ಕೆ ಗೋಡೆ ಎದ್ದಂತಲ್ಲ

ಇಂಥದೊಂದು ಏರ್ಪಾಡನ್ನು ಕಣ್ಣ ಮುಂದೆ ತಂದುಕೊಳ್ಳಿ. ಕಾರವಾರದ ಒಂದು ಲ್ಯಾಬಿನಲ್ಲಿ 16 ಕೋರ್, 64 ಜಿಬಿ ರ‍್ಯಾಮ್ ಇರುವ ಒಂದು ಸರ್ವರ್, ಪಕ್ಕದಲ್ಲಿ 24 ಪೋರ್ಟಿನ ಒಂದು ಓಪನ್‌ಫ್ಲೋ ಸ್ವಿಚ್ಚು, ಅಂದರೆ ಪ್ಯಾಕೆಟ್ ಎಲ್ಲಿಗೆ ಹೋಗಬೇಕೆಂಬ ನಿಯಮವನ್ನು ಹೊರಗಿನ ಪ್ರೋಗ್ರಾಂನಿಂದ ಪಡೆಯುವ ಸ್ವಿಚ್ಚು. ಅವುಗಳ ಮೇಲೆ ನಾಲ್ಕು ಸ್ಲೈಸ್, ಅಂದರೆ ಒಂದೇ ಯಂತ್ರಗಳನ್ನು ಹಂಚಿಕೊಂಡರೂ ಒಬ್ಬರಿಗೊಬ್ಬರು ತಾಗಬಾರದ ನಾಲ್ಕು ಪ್ರಯೋಗ ತಂಡಗಳ ಪಾಲು: ಲೋಡ್ ಬ್ಯಾಲೆನ್ಸಿಂಗ್ ಮಾಡುವವರು, ವಿಡಿಯೊ ಗುಣಮಟ್ಟ ಅಳೆಯುವವರು, ದಾಳಿ ಪತ್ತೆಯವರು, ಮತ್ತು ಶಿರಸಿಯಲ್ಲಿ ಕೂತು ದೂರದಿಂದಲೇ ರೂಟಿಂಗ್ ಪ್ರಯೋಗ ನಡೆಸುವವರು. ಎಲ್ಲರಿಗೂ ಬೇರೆ ವಿಲ್ಯಾನ್ (ಒಂದೇ ತಂತಿಯ ಮೇಲೆ ಗುರುತುಚೀಟಿ ಹಚ್ಚಿ ಬೇರ್ಪಡಿಸಿದ ನೆಟ್‌ವರ್ಕ್), ಬೇರೆ ಕಂಟ್ರೋಲರ್ (ಸ್ವಿಚ್ಚಿಗೆ ನಿಯಮ ಹೇಳಿಕೊಡುವ ಪ್ರೋಗ್ರಾಂ). ಪ್ಯಾಕೆಟ್ ಸೆರೆಹಿಡಿಯುವ ಟಿಸಿಪಿಡಂಪ್ ಹಾಕಿ ಕೂತರೂ ಒಬ್ಬರ ಪ್ಯಾಕೆಟ್ ಇನ್ನೊಬ್ಬರಿಗೆ ಕಾಣುವುದಿಲ್ಲ. ಆದರೆ ದಾಳಿ ಪತ್ತೆಯವರು ಪ್ರಯೋಗ ಶುರು ಮಾಡಿದ ಗಳಿಗೆಗೆ ಸರಿಯಾಗಿ ವಿಡಿಯೊದವರ ವಿಳಂಬದ ಗ್ರಾಫ್ ಮೇಲಕ್ಕೆ ಹಾರುತ್ತದೆ. ವಿಡಿಯೊದವರು ವಾರಗಟ್ಟಲೆ ತಮ್ಮದೇ ಕೋಡಿನಲ್ಲಿ ತಪ್ಪು ಹುಡುಕುತ್ತಾರೆ.

ಹಂಚಿನ ಮಾಡು ಸೋರುವುದೂ ಹೀಗೇ. ನೀರು ತೊಟ್ಟಿಕ್ಕುವ ಜಾಗ ಒಂದು, ಹಂಚು ಒಡೆದ ಜಾಗ ಇನ್ನೊಂದು.

ಪ್ಯಾಕೆಟ್ಟಿನ ಹೆಡರಿನಲ್ಲಿ (ವಿಳಾಸ, ಗುರುತು ಇರುವ ತಲೆಭಾಗ) ಬರೆದದ್ದನ್ನು ಬೇರ್ಪಡಿಸುವುದು ಸುಲಭ. ವಿಲ್ಯಾನ್ ಐಡಿ 12 ಬಿಟ್ಟಿನದು, 4094 ಜನರಿಗೆ ಹಂಚಬಹುದು. ಸಾಲದಿದ್ದರೆ ಪ್ಯಾಕೆಟ್ಟನ್ನು ಇನ್ನೊಂದು ಪ್ಯಾಕೆಟ್ಟಿನೊಳಗೆ ಹಾಕಿ ಅದೇ ಕೆಲಸ ಮಾಡುವ ವಿಎಕ್ಸ್‌ಲ್ಯಾನ್, ಅದರ 24 ಬಿಟ್ಟಿನಲ್ಲಿ ಒಂದೂವರೆ ಕೋಟಿಗೂ ಮೇಲೆ. ಸೋರುವುದು ಹೆಡರಿನಲ್ಲಿ ಬರೆಯಲಾಗದ್ದು: ಸ್ವಿಚ್ಚಿನ ಸಿಪಿಯು, ಫ್ಲೋ ಟೇಬಲ್ಲಿನ (ಯಾವ ಪ್ಯಾಕೆಟ್ ಹರಿವು, ಅಂದರೆ ಫ್ಲೋ, ಎಲ್ಲಿಗೆ ಹೋಗಬೇಕೆಂಬ ನಿಯಮಗಳ ಪಟ್ಟಿ) ಜಾಗ, ಬಫರ್ (ಪ್ಯಾಕೆಟ್ಟುಗಳು ಕಾಯುವ ಮೆಮೊರಿ), ಸರ್ವರಿನ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಒಳಗಿನ ಸಣ್ಣಪುಟ್ಟ ಪಟ್ಟಿಗಳು. 2009ರಲ್ಲಿ ರಾಬ್ ಶೆರ್‌ವುಡ್ ಮತ್ತು ಸ್ಟ್ಯಾನ್‌ಫರ್ಡಿನ ಜೊತೆಗಾರರು ಫ್ಲೋವೈಸರ್ ಮಾಡಿದಾಗಲೇ ಈ ಪಟ್ಟಿಯನ್ನು ಬಹುಪಾಲು ಗುರುತಿಸಿದ್ದರು. ಸ್ವಿಚ್ಚು ಮತ್ತು ಕಂಟ್ರೋಲರುಗಳ ನಡುವೆ ದಲ್ಲಾಳಿಯಂತೆ ಕೂತು ಬ್ಯಾಂಡ್‌ವಿಡ್ತ್, ಟೋಪಾಲಜಿ (ಯಾವುದು ಯಾವುದಕ್ಕೆ ಜೋಡಿಸಿದೆ ಎಂಬ ನಕ್ಷೆ), ಸ್ವಿಚ್ಚಿನ ಸಿಪಿಯು, ಫ್ಲೋ ನಮೂದುಗಳು, ಕಂಟ್ರೋಲ್ ಚಾನೆಲ್ ಇಷ್ಟನ್ನೂ ಅದು ಬೇರೆಬೇರೆಯಾಗಿ ಕಾಯುತ್ತಿತ್ತು. ಇಂದು ಹೊಸ ಲ್ಯಾಬಿಗೆ ಫ್ಲೋವೈಸರ್ ಹಾಕಿ ಎಂದು ನಾನು ಹೇಳುವುದಿಲ್ಲ. ಅದು ಓಪನ್‌ಫ್ಲೋ 1.0ರ ಕಾಲದ್ದು, 2012ರ 1.3ರಲ್ಲಿ ಬಂದ ಮೀಟರ್ (ಪ್ಯಾಕೆಟ್ ದರಕ್ಕೆ ಮಿತಿ ಹಾಕುವ ಸೌಲಭ್ಯ) ಅದಕ್ಕೆ ಗೊತ್ತಿಲ್ಲ. ಆದರೆ ಅದರ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಮೊದಲು ಸೋಲುವುದು ಸ್ವಿಚ್ಚಿನ ಸಿಪಿಯು

ಸ್ವಿಚ್ಚಿನ ಚಿಪ್ಪು ಪ್ಯಾಕೆಟ್ ಸಾಗಿಸುವ ವೇಗಕ್ಕೂ ಅದರ ಸಿಪಿಯು ಕೆಲಸ ಮಾಡುವ ವೇಗಕ್ಕೂ ಅಜಗಜಾಂತರ. ಒಂದು ಗಿಗಾಬಿಟ್ ಪೋರ್ಟಿನಲ್ಲಿ 64 ಬೈಟಿನ ಪ್ಯಾಕೆಟ್ಟುಗಳು ಸೆಕೆಂಡಿಗೆ 14,88,095 ಬರಬಹುದು. ಟೇಬಲ್ಲಿನಲ್ಲಿ ಹೊಂದುವ ನಿಯಮ ಇಲ್ಲದ ಪ್ರತಿ ಪ್ಯಾಕೆಟ್ಟೂ ಸಿಪಿಯು ಹತ್ತಿ, ಪ್ಯಾಕೆಟ್-ಇನ್ ಸಂದೇಶವಾಗಿ ಕಂಟ್ರೋಲರಿಗೆ ಹೋಗಬೇಕು. 2011ರ ಡೆವೊಫ್ಲೋ ಪ್ರಬಂಧದಲ್ಲಿ ಅಳೆದ ಎಚ್‌ಪಿ 5406ಝಡ್‌ಎಲ್ ಸ್ವಿಚ್ಚು ಸೆಕೆಂಡಿಗೆ ಸುಮಾರು 275 ಹೊಸ ಫ್ಲೋಗಳನ್ನಷ್ಟೇ ಕೂರಿಸಬಲ್ಲದಾಗಿತ್ತು. ಹೊಸ ಸ್ವಿಚ್ಚುಗಳು ಇದಕ್ಕಿಂತ ಚುರುಕು, ಆದರೆ ಹದಿನಾಲ್ಕು ಲಕ್ಷದ ಹತ್ತಿರಕ್ಕೂ ಯಾವುದೂ ಸುಳಿಯುವುದಿಲ್ಲ.

ಈ ಸಿಪಿಯು ಎಲ್ಲ ಸ್ಲೈಸಿಗೂ ಒಂದೇ. ದೇವಿಮನೆ ಘಟ್ಟದಲ್ಲಿ ಲೋಡಾದ ಲಾರಿಯೊಂದು ಏದುಸಿರು ಬಿಡುತ್ತ ಏರುತ್ತಿದ್ದರೆ ಹಿಂದಿರುವ ಶಿರಸಿ ಬಸ್ಸಿಗೂ ಮದುವೆ ದಿಬ್ಬಣಕ್ಕೂ ಅದೇ ವೇಗ. ಇಲ್ಲಿಯೂ ಅಷ್ಟೇ. ದಾಳಿ ಪತ್ತೆಯವರು ಪ್ರತಿ ಪ್ಯಾಕೆಟ್ಟಿಗೂ ಹೊಸ ಮೂಲ ವಿಳಾಸ ಹಾಕಿ ಕಳಿಸುತ್ತಿದ್ದರೆ, ವಿಡಿಯೊದವರ ಒಂದೇ ಒಂದು ಹೊಸ ಫ್ಲೋ ಆ ಸರತಿಯ ಬಾಲದಲ್ಲಿ ನಿಲ್ಲುತ್ತದೆ.

ದುರುದ್ದೇಶವೇ ಬೇಕೆಂದಿಲ್ಲ. ಬಹುಪಾಲು ಸಲ ಕಾರಣ ತುಂಬಾ ಸಾದಾ: ಕಂಟ್ರೋಲರ್ ಬರೆಯುವವರು ಪ್ಯಾಕೆಟ್-ಔಟ್ ಮಾಡುತ್ತಾರೆ (ಆ ಒಂದು ಪ್ಯಾಕೆಟ್ಟನ್ನು ಮುಂದೆ ಕಳಿಸುತ್ತಾರೆ), ಫ್ಲೋ-ಮಾಡ್ (ಟೇಬಲ್ಲಿಗೆ ನಿಯಮ ಸೇರಿಸುವ ಸಂದೇಶ) ಕಳಿಸಲು ಮರೆಯುತ್ತಾರೆ. ಪಿಂಗ್ ಸರಿಯಾಗಿ ಓಡುವುದರಿಂದ ತಪ್ಪು ಕಾಣುವುದಿಲ್ಲ, ಆದರೆ ಪ್ರತಿ ಪ್ಯಾಕೆಟ್ಟೂ ಕಂಟ್ರೋಲರಿಗೆ ಹೋಗಿ ಬರುತ್ತಿರುತ್ತದೆ. ಎರಡನೆಯ ಕಾರಣ ಅಂಕಿಅಂಶ ಕೇಳುವ ಚಟ. 100 ಮಿಲಿಸೆಕೆಂಡಿಗೊಮ್ಮೆ ಎಲ್ಲ ಫ್ಲೋಗಳ ಲೆಕ್ಕ ಕೊಡು ಎಂದು ಕೇಳುವ ಸ್ಕ್ರಿಪ್ಟು, ಎರಡು ಸಾವಿರ ನಮೂದು ತುಂಬಿದ ಸ್ವಿಚ್ಚನ್ನು ಬೇರೆ ಕೆಲಸಕ್ಕೆ ಬಿಡುವುದೇ ಇಲ್ಲ. ಗ್ರಾಫ್ ಚಂದ ಕಾಣಲು 5 ಸೆಕೆಂಡಿಗೊಮ್ಮೆ ಕೇಳಿದರೂ ಸಾಕು.

ಮದ್ದು ಎರಡು ಕಡೆ ಹಾಕಬೇಕು. ಸರ್ವರಿನೊಳಗಿನ ಸಾಫ್ಟ್‌ವೇರ್ ಸ್ವಿಚ್ಚಾದ ಓಪನ್ ವಿಸ್ವಿಚ್ ಆದರೆ ಕಂಟ್ರೋಲರ್ ದಾಖಲೆಯಲ್ಲಿ ಪ್ಯಾಕೆಟ್-ಇನ್ ದರಕ್ಕೂ ಬರ್ಸ್ಟಿಗೂ (ಒಮ್ಮೆಲೇ ನುಗ್ಗುವ ಗುಂಪು) ಮಿತಿ ಹಾಕುವ ಎರಡು ಅಂಕಣಗಳಿವೆ. ದರ 100ಕ್ಕಿಂತ, ಬರ್ಸ್ಟ್ 25ಕ್ಕಿಂತ ಕಡಿಮೆ ಹಾಕಲು ಬಿಡುವುದಿಲ್ಲ. ಪ್ರತಿ ಸ್ಲೈಸಿಗೆ 200 ಮತ್ತು 50ರಿಂದ ಆರಂಭಿಸಿ, ಯಾರಿಗಾದರೂ ಸಾಲದು ಅನ್ನಿಸಿದರೆ ಅವರೇ ಬಂದು ಕೇಳಲಿ. ಎರಡನೆಯದು, ಕಂಟ್ರೋಲರಿಗೆ ಕಳಿಸುವ ನಿಯಮದಲ್ಲೇ ಓಪನ್‌ಫ್ಲೋ ಮೀಟರ್ ಕೂರಿಸುವುದು: ಮೊದಲು ಮೀಟರ್, ಆಮೇಲೆ ಕಂಟ್ರೋಲರ್. ಹಾರ್ಡ್‌ವೇರ್ ಸ್ವಿಚ್ಚಿನಲ್ಲಿ ಮೀಟರ್ ಬೆಂಬಲ ಇದೆ ಎಂದು ಬರೆದಿದ್ದ ಮಾತ್ರಕ್ಕೆ ನಂಬಬೇಡಿ. ಅದು ಚಿಪ್ಪಿನಲ್ಲಿದೆಯೋ ಸಾಫ್ಟ್‌ವೇರಿನಲ್ಲಿದೆಯೋ ನೋಡಿ. ಸಾಫ್ಟ್‌ವೇರಿನಲ್ಲಿದ್ದರೆ ಆ ಮೀಟರನ್ನು ನಡೆಸುವುದೂ ಅದೇ ಬಡಪಾಯಿ ಸಿಪಿಯು.

ಟೇಬಲ್ ತುಂಬಿದಾಗ

ಹಾರ್ಡ್‌ವೇರ್ ಫ್ಲೋ ನಮೂದುಗಳು ಕೂರುವುದು ಟಿಕ್ಯಾಮ್ ಎಂಬ ದುಬಾರಿ ಮೆಮೊರಿಯಲ್ಲಿ. ಲ್ಯಾಬಿನ ಬಜೆಟ್ಟಿಗೆ ಬರುವ ಸ್ವಿಚ್ಚಿನಲ್ಲಿ ಸಾವಿರದ ಲೆಕ್ಕದಲ್ಲೇ ಇರುತ್ತದೆ. ಮೇಲೆ ಹೇಳಿದ 5406ರಲ್ಲಿ ಸುಮಾರು 1500. ಅದನ್ನು ನಾಲ್ಕರಿಂದ ಭಾಗಿಸಿ ತಲಾ 375 ಎಂದು ಕೊಡಬೇಡಿ. ನೂರಿನ್ನೂರನ್ನು ಆಡಳಿತದ ಕಾವಲು ನಿಯಮಗಳಿಗೆ (ಸ್ಲೈಸುಗಳ ನಡುವಿನ ಗಡಿ ಕಾಯುವ ನಿಯಮಗಳು) ತೆಗೆದಿಟ್ಟು ಉಳಿದದ್ದನ್ನು ಹಂಚಿ. ಐಪಿವಿ6 ವಿಳಾಸ ಹೊಂದಿಸುವ ನಿಯಮ ಉದ್ದವಾದ್ದರಿಂದ ಹಲವು ಚಿಪ್ಪುಗಳಲ್ಲಿ ಎರಡು ನಮೂದಿನ ಜಾಗ ತಿನ್ನುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಟೇಬಲ್ ತುಂಬಿದರೆ ಸ್ವಿಚ್ಚು ತುಂಬಿದೆ ಎಂದು ದೋಷ ಸಂದೇಶ ಕಳಿಸಬೇಕು. ಹಾಗೆ ಕಳಿಸುವ ಸ್ವಿಚ್ಚು ಸಿಕ್ಕಿದರೆ ಪುಣ್ಯ. ಕೆಲವು ತುಟಿ ಪಿಟಕ್ಕೆನ್ನದೆ ಹೆಚ್ಚಿನ ನಿಯಮಗಳನ್ನು ಸಾಫ್ಟ್‌ವೇರ್ ಟೇಬಲ್ಲಿಗೆ ತಳ್ಳುತ್ತವೆ. ಪ್ರಯೋಗ ಓಡುತ್ತಲೇ ಇರುತ್ತದೆ, ಆದರೆ ಆ ಫ್ಲೋಗಳೆಲ್ಲ ಈಗ ಸಿಪಿಯು ಮೂಲಕ. ಮೇಲಿನ ಘಟ್ಟದ ಲಾರಿ ಮತ್ತೆ ಎದುರಿಗೆ.

ಓಪನ್ ವಿಸ್ವಿಚ್‌ನಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ, ಬಳಸುವವರು ಕಡಿಮೆ. ಫ್ಲೋ ಟೇಬಲ್ ದಾಖಲೆಯಲ್ಲಿ ಒಟ್ಟು ಮಿತಿ ಹಾಕಿ, ಮಿತಿ ಮೀರಿದಾಗಿನ ನೀತಿಯನ್ನು ‘ಎವಿಕ್ಟ್’ ಎಂದು ಇಟ್ಟು, ಗುಂಪು ಮಾಡುವ ಕ್ಷೇತ್ರವಾಗಿ ವಿಲ್ಯಾನ್ ಅಥವಾ ಒಳಬರುವ ಪೋರ್ಟನ್ನು ಕೊಟ್ಟರೆ, ಹೊಸ ನಮೂದಿಗೆ ಜಾಗ ಮಾಡಲು ಅದು ಅತಿ ಹೆಚ್ಚು ನಮೂದು ಹಿಡಿದಿರುವ ಗುಂಪಿನಿಂದಲೇ ಒಂದನ್ನು ತೆಗೆಯುತ್ತದೆ. ಹೆಚ್ಚು ಬಾಚಿಕೊಂಡವನೇ ಮೊದಲು ಬಿಡಬೇಕು. ಒಂದು ಷರತ್ತು: ಅವಧಿ ಇಲ್ಲದ ನಿಯಮಗಳನ್ನು ಅದು ಮುಟ್ಟುವುದಿಲ್ಲ. ಆದ್ದರಿಂದ ಸ್ಲೈಸಿನವರ ಪ್ರತಿ ನಿಯಮಕ್ಕೂ ಐಡಲ್ ಟೈಮ್‌ಔಟ್ (ಇಷ್ಟು ಹೊತ್ತು ಬಳಕೆಯಾಗದಿದ್ದರೆ ತಾನೇ ಅಳಿಯುವ ಅವಧಿ) ಕಡ್ಡಾಯ, ಕಾವಲು ನಿಯಮಗಳಿಗೆ ಮಾತ್ರ ವಿನಾಯಿತಿ.

ಖಾಲಿ ಬ್ಯಾಂಡ್‌ವಿಡ್ತನ್ನು ದಾನ ಮಾಡಬೇಡಿ

ಇಲ್ಲಿ ನನ್ನ ಹಟ ಸ್ವಲ್ಪ ಜಾಸ್ತಿ. ಕಚೇರಿ ನೆಟ್‌ವರ್ಕಿನಲ್ಲಿ ಒಬ್ಬರು ಬಳಸದ ಬ್ಯಾಂಡ್‌ವಿಡ್ತನ್ನು ಇನ್ನೊಬ್ಬರಿಗೆ ಕೊಡುವುದು ಜಾಣತನ. ಪ್ರಯೋಗದ ನೆಟ್‌ವರ್ಕಿನಲ್ಲಿ ಅದೇ ಹಾನಿ. ರಾತ್ರಿ ಎರಡಕ್ಕೆ ಲ್ಯಾಬ್ ಖಾಲಿಯಿದ್ದಾಗ 900 ಎಂಬಿಪಿಎಸ್ ಸಿಕ್ಕ ಪ್ರಯೋಗಕ್ಕೆ ಮಧ್ಯಾಹ್ನ 250 ಸಿಕ್ಕರೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಬರೆಯುವಂತಿಲ್ಲ. ಬ್ಯಾಂಡ್‌ವಿಡ್ತ್ ಹಂಚುವ ಲಿನಕ್ಸಿನ ಎಚ್‌ಟಿಬಿಯಲ್ಲಿ ಪ್ರತಿ ವರ್ಗಕ್ಕೂ ‘ರೇಟ್’ (ಖಾತರಿಯ ದರ) ಮತ್ತು ‘ಸೀಲ್’ (ಗರಿಷ್ಠ ಮಿತಿ) ಎರಡಿರುತ್ತವೆ. ಎರಡನ್ನೂ ಒಂದೇ ಸಂಖ್ಯೆ ಮಾಡಿ. ಗಿಗಾಬಿಟ್ ಲಿಂಕಿನಲ್ಲಿ ನಾಲ್ಕು ಸ್ಲೈಸಿಗೆ ತಲಾ 225, ಉಳಿದ 100 ಕಂಟ್ರೋಲ್ ಸಂಚಾರಕ್ಕೆ ಮತ್ತು ಹೊರೆ ತಗ್ಗಿಸಲು. ಲಿಂಕ್ ಅರ್ಧ ದಿನ ಖಾಲಿ ಬಿದ್ದಿರುತ್ತದೆ. ಬಿದ್ದಿರಲಿ.

ಹಾರ್ಡ್‌ವೇರ್ ಸ್ವಿಚ್ಚಿನಲ್ಲಿ ವಿಲ್ಯಾನ್ ಟ್ಯಾಗಿನ ಆದ್ಯತೆಯ ಬಿಟ್ಟುಗಳು ಮೂರೇ, ಅಂದರೆ ಎಂಟು ವರ್ಗ. ಫ್ಲೋವೈಸರ್ ಬ್ಯಾಂಡ್‌ವಿಡ್ತ್ ಕಾಯುತ್ತಿದ್ದುದೂ ಇದರಿಂದಲೇ. ಎಂಟಕ್ಕಿಂತ ಹೆಚ್ಚು ಸ್ಲೈಸ್ ಆದರೆ ಯಾರಾದರೂ ಇಬ್ಬರು ಒಂದೇ ಸರತಿಯಲ್ಲಿ ನಿಲ್ಲಲೇಬೇಕು.

ಓಪನ್ ವಿಸ್ವಿಚ್‌ನ ‘ಇಂಗ್ರೆಸ್ ಪೊಲೀಸಿಂಗ್’ (ಒಳಬರುವ ದರಕ್ಕೆ ಮಿತಿ) ಬಳಸುವವರು ದಿಕ್ಕಿನಲ್ಲಿ ಎಡವುತ್ತಾರೆ. ಇಂಗ್ರೆಸ್ ಅಂದರೆ ಸ್ವಿಚ್ಚಿನೊಳಗೆ ಬರುವುದು, ಅಂದರೆ ವರ್ಚುವಲ್ ಮಶೀನ್ ಹೊರಗೆ ಕಳಿಸುವುದು. ಮಶೀನಿಗೆ ಬರುವುದಕ್ಕೆ ಇದು ತಡೆಯಲ್ಲ. ದರವನ್ನು ಕಿಲೋಬಿಟ್ಟಿನಲ್ಲಿ ಕೊಡಬೇಕು. 100 ಎಂಬಿಪಿಎಸ್ ಅಂದರೆ 1,00,000. ಬರ್ಸ್ಟ್ ತೀರಾ ಚಿಕ್ಕದಾದರೆ ಟಿಸಿಪಿ ಕುಂಟುತ್ತದೆ. ದರದ ಶೇ 80ರಷ್ಟು, ಅಂದರೆ 80,000 ಕೊಟ್ಟರೆ ದರದ ಹತ್ತಿರ ಬರುತ್ತದೆ.

ಇನ್ನೊಬ್ಬ ಕಳ್ಳ ಒಳಗೇ ಇದ್ದಾನೆ. ಪ್ಯಾಕೆಟ್ಟನ್ನು ತುಂಡರಿಸುವ ಕೆಲಸವನ್ನು ಕೊನೆಗೆ ಮುಂದೂಡುವ ಟಿಎಸ್‌ಒ, ಜಿಎಸ್‌ಒ ಆನ್ ಇದ್ದರೆ ವರ್ಚುವಲ್ ಕಾರ್ಡುಗಳ ನಡುವೆ ಓಡಾಡುವ ಒಂದು ‘ಪ್ಯಾಕೆಟ್’ 64 ಕೆಬಿವರೆಗೆ ಇರಬಹುದು. 10 ಎಂಬಿಪಿಎಸ್ ಲಿಂಕಿನಲ್ಲಿ ಅಷ್ಟು ಸಾಗಲು 52 ಮಿಲಿಸೆಕೆಂಡ್ ಬೇಕು. ನಿಮ್ಮ ಎಮ್ಯುಲೇಟರ್ (ಲಿಂಕನ್ನು ಅನುಕರಿಸುವ ಸಾಫ್ಟ್‌ವೇರ್) 10 ಎಂಬಿಪಿಎಸ್ ಎಂದು ಹೇಳುತ್ತಿರುತ್ತದೆ, ಸರಾಸರಿಯೂ ಸರಿಯಾಗಿಯೇ ಬರುತ್ತದೆ. ಆದರೆ ಒಳಗೆ ಗುಕ್ಕುಗುಕ್ಕಾಗಿ ನುಂಗುತ್ತಿರುತ್ತದೆ. ಕಾರ್ಡಿನ ಸೆಟ್ಟಿಂಗ್ ಬದಲಿಸುವ ಇಥ್‌ಟೂಲ್‌ನಲ್ಲಿ ಟಿಎಸ್‌ಒ, ಜಿಎಸ್‌ಒ, ಮತ್ತು ಬಂದ ಪ್ಯಾಕೆಟ್ಟುಗಳನ್ನು ಒಟ್ಟುಗೂಡಿಸುವ ಜಿಆರ್‌ಒ ಮೂರನ್ನೂ ಆಫ್ ಮಾಡಿ. ಸಿಪಿಯು ಖರ್ಚು ಏರುತ್ತದೆ, ಅದಕ್ಕೆ ತಯಾರಿರಿ.

ಒಂದೇ ಸರ್ವರಿನೊಳಗೆ

ಪ್ರತಿ ಸ್ಲೈಸಿಗೆ ಬೇರೆ ಬ್ರಿಡ್ಜ್ (ಓಪನ್ ವಿಸ್ವಿಚ್‌ನೊಳಗಿನ ಒಂದು ವರ್ಚುವಲ್ ಸ್ವಿಚ್ಚು) ಮಾಡಿ, ಪ್ಯಾಚ್ ಪೋರ್ಟಿನಿಂದ (ಎರಡು ಬ್ರಿಡ್ಜ್ ಜೋಡಿಸುವ ವರ್ಚುವಲ್ ತಂತಿ) ಆಡಳಿತದ ಒಂದು ಬೆನ್ನೆಲುಬು ಬ್ರಿಡ್ಜಿಗೆ ಜೋಡಿಸಿ, ವಿಲ್ಯಾನ್ ಟ್ಯಾಗ್ ಹಾಕುವುದನ್ನು ಬೆನ್ನೆಲುಬಿನಲ್ಲಿ ಇಟ್ಟುಕೊಳ್ಳುವುದು ನನಗೆ ಕಂಡ ಅತ್ಯಂತ ಅಚ್ಚುಕಟ್ಟಾದ ಕ್ರಮ. ಸ್ಲೈಸಿನ ಕಂಟ್ರೋಲರಿಗೆ ತನ್ನ ಬ್ರಿಡ್ಜ್ ಬಿಟ್ಟು ಬೇರೇನೂ ಕೈಗೆ ಸಿಗುವುದಿಲ್ಲ. ಆದರೆ ಬ್ರಿಡ್ಜ್ ಬೇರೆಯಾದರೂ ಅಡಿಯ ಕರ್ನಲ್ ಡೇಟಾಪಾತ್ (ಪ್ಯಾಕೆಟ್ ಸಾಗಿಸುವ ಭಾಗ) ಒಂದೇ. ಓಪನ್ ವಿಸ್ವಿಚ್ (ಓವಿಎಸ್) ಜೊತೆಗೇ ಬರುವ ಓವಿಎಸ್-ಡಿಪಿಸಿಟಿಎಲ್‌ನ ‘ಷೋ’ ಕೊಟ್ಟು ನೋಡಿ: ಎಲ್ಲ ಬ್ರಿಡ್ಜಿನ ಪೋರ್ಟುಗಳೂ ‘ಓವಿಎಸ್-ಸಿಸ್ಟಮ್’ ಎಂಬ ಒಂದೇ ಹೆಸರಿನ ಕೆಳಗೆ ಸಾಲಾಗಿ ನಿಂತಿರುತ್ತವೆ. ಅಲ್ಲೇ ‘ಮಾಸ್ಕ್’ (ನಿಯಮವು ಹೆಡರಿನ ಯಾವ ಭಾಗ ನೋಡುತ್ತದೆ ಎಂಬ ಅಚ್ಚು) ಎಂಬ ಸಾಲಿನಲ್ಲಿ ಪ್ರತಿ ಪ್ಯಾಕೆಟ್ಟಿಗೆ ಎಷ್ಟು ಹುಡುಕಾಟ ಎಂಬ ಅಂಕಿ ಇರುತ್ತದೆ. ಒಂದು ಸ್ಲೈಸಿನವರು ಪೋರ್ಟ್ ಸಂಖ್ಯೆ, ವಿಚಿತ್ರ ಮಾಸ್ಕ್, ಎಲ್ಲವನ್ನೂ ಬೆರೆಸಿ ನಿಯಮ ಬರೆದರೆ ಈ ಅಂಕಿ ಏರುತ್ತದೆ, ಏರಿದ್ದಕ್ಕೆ ತೆರಿಗೆ ಕಟ್ಟುವವರು ಎಲ್ಲರೂ.

ಇನ್ನು ಎಆರ್‌ಪಿ, ಅಂದರೆ ಐಪಿ ವಿಳಾಸಕ್ಕೆ ಮ್ಯಾಕ್ ವಿಳಾಸ ಹುಡುಕಿಕೊಡುವ ಕ್ರಮ. ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಕರ್ನಲ್ಲಿನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಬೇರೆಯಾದರೆ ಎಆರ್‌ಪಿ ಪಟ್ಟಿಯೂ ಬೇರೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನೋಡಲು ಹಾಗೇ ಕಾಣುತ್ತದೆ, ಆದರೆ ಮಿತಿ ಇಡೀ ಕರ್ನಲ್ಲಿಗೆ ಒಂದೇ, ಡಿಫಾಲ್ಟ್ 1024. ಒಂದು ಸ್ಲೈಸಿನಲ್ಲಿ 40 ಹೋಸ್ಟ್ ಇದ್ದು ಎಲ್ಲರೂ ಎಲ್ಲರಿಗೂ ಪಿಂಗ್ ಮಾಡಿದರೆ 40 × 39, ಅಂದರೆ 1560 ನಮೂದು. ಪಕ್ಕದ ಸ್ಲೈಸಿನಲ್ಲಿ ಎರಡೇ ಹೋಸ್ಟ್ ಇಟ್ಟುಕೊಂಡು ತೆಪ್ಪಗೆ ಕೂತವರಿಗೂ ಪಿಂಗ್ ನಿಲ್ಲುತ್ತದೆ. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್‌ನಲ್ಲಿ ‘ನೇಬರ್ ಟೇಬಲ್ ಓವರ್‌ಫ್ಲೋ’ ಎಂಬ ಸಾಲು ಕಂಡರೆ ಇದೇ ಕಾಯಿಲೆ. ಈ ಪಟ್ಟಿಯ ಮಿತಿಗಳಾದ ಜಿಸಿ-ಥ್ರೆಶ್ 1, 2, 3 ಮೂರನ್ನೂ ಏರಿಸಿ. 8192, 16384, 32768 ಈ ಗಾತ್ರದ ಲ್ಯಾಬಿಗೆ ಧಾರಾಳ.

ಸಿಪಿಯು ಹಂಚುವಾಗ ಸಿಗ್ರೂಪಿನ (ಪ್ರೊಸೆಸ್ ಗುಂಪಿಗೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಕೋಟಾಕ್ಕಿಂತ ಕೋರುಗಳನ್ನೇ ಗೊತ್ತುಮಾಡಿ ಕೊಡುವುದು ಮೇಲು. 100 ಮಿಲಿಸೆಕೆಂಡಿನ ಅವಧಿಯಲ್ಲಿ 50ರ ಕೋಟಾ ಕೊಟ್ಟರೆ, ಬಿಡುವಿಲ್ಲದೆ ದುಡಿಯುವ ಪ್ರೊಸೆಸ್ 50 ಓಡಿ 50 ಹೆಪ್ಪುಗಟ್ಟಿ ನಿಲ್ಲುತ್ತದೆ. ನಿಮ್ಮ ವಿಳಂಬದ ಗ್ರಾಫಿನಲ್ಲಿ 50 ಮಿಲಿಸೆಕೆಂಡಿನ ಮೆಟ್ಟಿಲು ಕಂಡರೆ ಅದು ನೆಟ್‌ವರ್ಕ್ ಅಲ್ಲ, ಸಿಪಿಯು ಸಮಯ ಹಂಚುವ ಶೆಡ್ಯೂಲರ್. ಕೋರ್ ಕೊಡುವಾಗ ಹೈಪರ್‌ಥ್ರೆಡ್ ಜೋಡಿಯನ್ನು (ಒಂದೇ ಕೋರು ಎರಡಾಗಿ ಕಾಣುವುದು) ಒಡೆದು ಇಬ್ಬರಿಗೆ ಕೊಡಬೇಡಿ. 16 ಕೋರಿನಲ್ಲಿ ತಲಾ 3 ನಾಲ್ಕು ಸ್ಲೈಸಿಗೆ, ಉಳಿದ 4 ಕರ್ನಲ್ಲಿಗೆ, ಓಪನ್ ವಿಸ್ವಿಚ್‌ಗೆ, ನೆಟ್‌ವರ್ಕ್ ಕಾರ್ಡಿನ ಇಂಟರಪ್ಟಿಗೆ (ಪ್ಯಾಕೆಟ್ ಬಂತೆಂದು ಸಿಪಿಯುವನ್ನು ಕರೆಯುವ ಸೂಚನೆ). ಆ ನಾಲ್ಕನ್ನು ಉಳಿಸಿಕೊಳ್ಳುವುದು ಮುಖ್ಯ, ಏಕೆಂದರೆ ಪ್ಯಾಕೆಟ್ ಸಾಗಿಸುವ ಸಾಫ್ಟ್‌ಐಆರ್‌ಕ್ಯು ಕೆಲಸ ಯಾವ ಸ್ಲೈಸಿನ ಲೆಕ್ಕಕ್ಕೂ ಬೀಳುವುದಿಲ್ಲ, ಸಿಕ್ಕ ಕೋರಿನಲ್ಲಿ ಓಡುತ್ತದೆ. ಇಂಟರಪ್ಟುಗಳನ್ನು ತಾನೇ ಕೋರುಗಳಿಗೆ ಹಂಚುವ ಐಆರ್‌ಕ್ಯುಬ್ಯಾಲೆನ್ಸ್ ನಿಲ್ಲಿಸಿ, ಇಂಟರಪ್ಟನ್ನು ಕೈಯಾರೆ ಆ ನಾಲ್ಕಕ್ಕೆ ಕಟ್ಟಿ.

ಡಿಸ್ಕಿನ ಬಗ್ಗೆ ಒಂದೇ ಮಾತು. ಗಿಗಾಬಿಟ್ ಲಿಂಕನ್ನು ಪೂರ್ತಿ ಸೆರೆಹಿಡಿದರೆ ನಿಮಿಷಕ್ಕೆ 7.5 ಜಿಬಿ. ಪ್ಯಾಕೆಟ್ಟಿನ ಮೊದಲ 96 ಬೈಟು ಸಾಕು, ಸ್ಲೈಸಿಗೊಂದು ಡಿಸ್ಕ್ ಕೋಟಾ ಇರಲಿ.

ಕಾರವಾರದಿಂದ ಶಿರಸಿಗೆ

ಎರಡು ಊರಿನ ನಡುವೆ ವಿಎಕ್ಸ್‌ಲ್ಯಾನ್ ಸುರಂಗ ಹಾಕುವಾಗ ಎಲ್ಲರೂ ಎಂಟಿಯುಗೆ (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ಬೈಟಿನಲ್ಲಿ) ಬಲಿಯಾಗುತ್ತಾರೆ. ಪಿಪಿಪಿಒಇ ಬ್ರಾಡ್‌ಬ್ಯಾಂಡಿನಲ್ಲಿ 1492. ಅದರೊಳಗೆ ಗೂಢಲಿಪಿಯ ಸುರಂಗ ವೈರ್‌ಗಾರ್ಡ್ 60 ಕಳೆದರೆ 1432. ವಿಎಕ್ಸ್‌ಲ್ಯಾನ್ ಇನ್ನೂ 50 ಕಳೆದರೆ 1382. ಸ್ಲೈಸಿನೊಳಗಿನ ಕಾರ್ಡಿಗೆ ಈ 1382 ಹಾಕದಿದ್ದರೆ ಪಿಂಗ್ ಹೋಗುತ್ತದೆ, ಎಸ್‌ಎಸ್‌ಎಚ್ ಲಾಗಿನ್ ಕೂಡ ಆದೀತು, ದೊಡ್ಡ ಫೈಲ್ ಕಳಿಸಿದ ಕೂಡಲೇ ಎಲ್ಲ ಸ್ತಬ್ಧ.

ಸುರಂಗದ ಐಡಿ ಬೇರೆಯಾದರೂ ಹೊರಗೆ ಹೋಗುವ ಬಾಯಿ ಒಂದೇ. 20 ಎಂಬಿಪಿಎಸ್ ಅಪ್‌ಲೋಡ್ ಇರುವ ಮೋಡೆಮ್ಮಿನಲ್ಲಿ 1 ಎಂಬಿ ಬಫರ್ ಇದ್ದರೆ, ಒಬ್ಬರು ಅದನ್ನು ತುಂಬಿಸಿದಾಗ ಉಳಿದ ಮೂವರಿಗೂ 400 ಮಿಲಿಸೆಕೆಂಡ್ ವಿಳಂಬ. ಸರತಿ ಮೋಡೆಮ್ಮಿನಲ್ಲಿ ಕಟ್ಟಬಾರದು, ನಿಮ್ಮ ಸರ್ವರಿನಲ್ಲೇ ಕಟ್ಟಬೇಕು. ಹೊರಗಿನ ಕಾರ್ಡಿನ ಒಟ್ಟು ದರವನ್ನು 18ಕ್ಕೆ ಇಳಿಸಿ, ಅದರ ಕೆಳಗೆ ಸ್ಲೈಸಿಗೊಂದು ಎಚ್‌ಟಿಬಿ ವರ್ಗ, ಪ್ರತಿ ವರ್ಗದಲ್ಲೂ ಎಫ್‌ಕ್ಯು-ಕೋಡೆಲ್ (ಸರತಿ ಉದ್ದವಾಗದಂತೆ ನೋಡುವ ಕ್ರಮ). ಅಂದಹಾಗೆ, ಕಾರವಾರದ ಪ್ಯಾಕೆಟ್ ಶಿರಸಿಗೆ ಘಟ್ಟ ಹತ್ತಿಯೇ ಹೋಗುತ್ತದೆ ಎಂದುಕೊಳ್ಳಬೇಡಿ. ಟ್ರೇಸ್‌ರೂಟ್ ಕೊಟ್ಟು ನೋಡಿ, ಬೆಂಗಳೂರನ್ನೋ ಮುಂಬೈಯನ್ನೋ ಸುತ್ತಿಕೊಂಡು ಬರುತ್ತಿರಬಹುದು. ವಿಳಂಬ ಮುಖ್ಯವಾದ ಪ್ರಯೋಗವನ್ನು ಎರಡು ಊರಿಗೆ ಹರಡದೆ ಒಂದೇ ಕೋಣೆಯಲ್ಲಿ ಮಾಡಿ.

ಕೆಟ್ಟ ನೆರೆಯವರನ್ನು ನೀವೇ ಕರೆತನ್ನಿ

ಗೋಡೆ ಇದೆಯೋ ಇಲ್ಲವೋ ತಿಳಿಯಲು ಒಂದೇ ದಾರಿ. ಒಂದು ಸ್ಲೈಸಿನಲ್ಲಿ ಸಣ್ಣ ಅಳತೆ ಓಡಿಸಿ: ಸೆಕೆಂಡಿಗೆ 50 ಯುಡಿಪಿ ಪ್ಯಾಕೆಟ್, ಜೊತೆಗೆ ಸೆಕೆಂಡಿಗೊಂದು ಹೊಸ ಫ್ಲೋ. ಒಂಟಿಯಾಗಿ ಹತ್ತು ಸಲ, ತಲಾ ಎರಡು ನಿಮಿಷ. ಆಮೇಲೆ ಪಕ್ಕದ ಸ್ಲೈಸಿನಲ್ಲಿ ಒಂದೊಂದೇ ಕಾಟ ಶುರು ಮಾಡಿ, ಪ್ರತಿ ಕಾಟಕ್ಕೂ ಹತ್ತು ಸಲ. ಸಂಚಾರ ಹುಟ್ಟಿಸುವ ಐಪರ್ಫ್3ರಲ್ಲಿ 18 ಬೈಟಿನ ಯುಡಿಪಿ (ತಂತಿಯ ಮೇಲೆ ಅದು ಸರಿಯಾಗಿ 64 ಬೈಟಿನ ಫ್ರೇಮ್). ಪ್ಯಾಕೆಟ್ ತಯಾರಿಸುವ ಸ್ಕೇಪಿಯಲ್ಲಿ ನಾಲ್ಕು ಸಾಲು ಬರೆದು ಪ್ರತಿ ಪ್ಯಾಕೆಟ್ಟಿಗೂ ಹೊಸ ಮ್ಯಾಕ್ ವಿಳಾಸ. ಮಿತಿ ಮೀರಿ ಫ್ಲೋ ನಿಯಮ ತುಂಬುವುದು. ಎಡೆಬಿಡದೆ ಅಂಕಿಅಂಶ ಕೇಳುವುದು. ಸ್ಟ್ರೆಸ್-ಎನ್‌ಜಿಯಿಂದ ಸಿಪಿಯು ಸುಡುವುದು.

ಸರಾಸರಿ ನೋಡಬೇಡಿ, ಅದು ಎಲ್ಲವನ್ನೂ ಮುಚ್ಚಿಹಾಕುತ್ತದೆ. 99ನೇ ಪರ್ಸೆಂಟೈಲನ್ನೂ (ನೂರರಲ್ಲಿ 99 ಅಳತೆಗಳು ಇದರೊಳಗೇ ಬರುವ ಅಂಕಿ) ಫ್ಲೋ ಕೂರಲು ಹಿಡಿದ ಸಮಯವನ್ನೂ ನೋಡಿ. ಕಾಟವಿದ್ದಾಗಿನ ಅಂಕಿ, ಒಂಟಿಯಾಗಿ ಓಡಿಸಿದ ಹತ್ತು ಸಲದ ಏರಿಳಿತದೊಳಗೇ ಇದ್ದರೆ ಆ ಕಡೆಯ ಗೋಡೆ ಗಟ್ಟಿ. ಸ್ವಿಚ್ಚಿನ ಫರ್ಮ್‌ವೇರ್ ಅಥವಾ ಸರ್ವರಿನ ಕರ್ನಲ್ ಬದಲಾದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ಒಂದು ಕಡೆ ಮಾತ್ರ ಪಾಸಾಗುವುದು ಕಷ್ಟ: ಹಾರ್ಡ್‌ವೇರ್ ಸ್ವಿಚ್ಚಿನ ಬಫರ್. ಅದನ್ನು ಪೋರ್ಟುಗಳೆಲ್ಲ ಹಂಚಿಕೊಳ್ಳುತ್ತವೆ, ಹತ್ತು ಹೋಸ್ಟುಗಳು ಏಕಕಾಲಕ್ಕೆ ಒಂದೇ ಹೋಸ್ಟಿಗೆ ಕಳಿಸಿದಾಗ ಬೇರೆ ಪೋರ್ಟಿನವರ ಪಾಲೂ ಖರ್ಚಾಗಬಹುದು. ಸರಾಸರಿ ದರ ನೋಡುವ ಮೀಟರಿಗೆ ಆ ಕ್ಷಣದ ಗುಂಪು ಕಾಣುವುದಿಲ್ಲ. ಪೋರ್ಟಿಗಿಷ್ಟು ಎಂದು ಬಫರ್ ಮಿತಿ ಹಾಕಲು ಸ್ವಿಚ್ಚು ಬಿಟ್ಟರೆ ಹಾಕಿ. ಬಿಡದಿದ್ದರೆ ಅಂಥ ಪ್ರಯೋಗಕ್ಕೆ ಬೇರೆ ಹೊತ್ತು ಗೊತ್ತುಮಾಡಿ.

ಕರೆಂಟು ಹೋಗಿ ಬಂದ ಮೇಲೆ

ಇದನ್ನು ಕೊನೆಗಿಟ್ಟದ್ದು ಮಳೆಗಾಲ ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ ಎಂದು. ಕರೆಂಟು ಬಂದಾಗ ಎಲ್ಲವೂ ಒಟ್ಟಿಗೆ ಏಳುವುದಿಲ್ಲ. ಸ್ವಿಚ್ಚು ಮೊದಲು ಎದ್ದು ಕೂರುತ್ತದೆ, ಕಂಟ್ರೋಲರ್ ಇರುವ ಮಶೀನು ಡಿಸ್ಕ್ ಪರೀಕ್ಷೆ ಮುಗಿಸಿ ನಿಧಾನವಾಗಿ ಬರುತ್ತದೆ. ಈ ನಡುವಿನ ಹೊತ್ತಿನಲ್ಲಿ ಓಪನ್ ವಿಸ್ವಿಚ್ ಏನು ಮಾಡುತ್ತದೆ ಎಂಬುದು ‘ಫೇಲ್ ಮೋಡ್’ ಮೇಲೆ ನಿಂತಿದೆ. ಏನೂ ಹೇಳದಿದ್ದರೆ ಅದು ‘ಸ್ಟ್ಯಾಂಡ್‌ಅಲೋನ್’: ಕಂಟ್ರೋಲರಿನ ಸದ್ದಿಲ್ಲದೆ ತಪಾಸಣೆಯ ಮೂರು ಅವಧಿ, ಅಂದರೆ ಡಿಫಾಲ್ಟಿನಲ್ಲಿ 15 ಸೆಕೆಂಡ್ ಕಳೆದರೆ, ಅದು ಸಾಮಾನ್ಯ ಕಲಿಕೆಯ ಸ್ವಿಚ್ಚಾಗಿ ಬದಲಾಗುತ್ತದೆ. ಸ್ಲೈಸನ್ನು ಐಪಿ ಅಥವಾ ಪೋರ್ಟ್ ಸಂಖ್ಯೆಯಿಂದ ಬೇರ್ಪಡಿಸಿದ್ದರೆ ಎಲ್ಲ ಸ್ಲೈಸೂ ಒಂದಾಗುತ್ತವೆ. ಟೋಪಾಲಜಿಯಲ್ಲಿ ಒಂದು ಸುತ್ತು ಇದ್ದರಂತೂ, ಸುತ್ತನ್ನು ಮುರಿಯುವ ಸ್ಪ್ಯಾನಿಂಗ್ ಟ್ರೀ ಆನ್ ಮಾಡಿರದ ಕಾರಣ, ಒಂದೇ ಎಆರ್‌ಪಿ ಪ್ಯಾಕೆಟ್ ಸುತ್ತಿ ಸುತ್ತಿ ಬಿರುಗಾಳಿಯಾಗುತ್ತದೆ.

ಪ್ರತಿ ಬ್ರಿಡ್ಜಿಗೂ ಫೇಲ್ ಮೋಡನ್ನು ‘ಸೆಕ್ಯೂರ್’ ಮಾಡಿ. ಆಗ ಕಂಟ್ರೋಲರ್ ಬರುವವರೆಗೆ ಖಾಲಿ ಟೇಬಲ್ ಎಲ್ಲವನ್ನೂ ಬೀಳಿಸುತ್ತದೆ. ಕಾವಲು ನಿಯಮಗಳನ್ನು ಕಂಟ್ರೋಲರಿಗೆ ಬಿಡದೆ, ಓಪನ್ ವಿಸ್ವಿಚ್ ಎದ್ದ ಬೆನ್ನಿಗೆ ಓಡುವ ಸಿಸ್ಟಮ್‌ಡಿ ಸ್ಕ್ರಿಪ್ಟಿನಿಂದ ಹಾಕಿ. ಆಮೇಲೆ ಎರಡು ಸ್ಲೈಸಿನ ನಡುವೆ ಪಿಂಗ್ ಹಚ್ಚಿಟ್ಟು, ಕಂಟ್ರೋಲರ್ ಮಶೀನಿನ ಕೇಬಲ್ ಕಿತ್ತು, ಗಡಿಯಾರ ನೋಡುತ್ತ ಒಂದು ನಿಮಿಷ ಕೂರಿ. ಹದಿನೈದನೇ ಸೆಕೆಂಡಿನ ಆಸುಪಾಸಿನಲ್ಲಿ ಪಿಂಗಿಗೆ ಉತ್ತರ ಬರತೊಡಗಿದರೆ, ಯಾವುದೋ ಒಂದು ಬ್ರಿಡ್ಜನ್ನು ಮರೆತಿದ್ದೀರಿ.